ಪಡುಗೋಡೆಗೊಂದು ಅಂಗಿ

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರನ್ನು ಕಂಡರೆ ನನಗೆ ಸ್ವಲ್ಪ ಅಸೂಯೆ. ಗೋಡೆಯ ವಿಷಯದಲ್ಲಿ ಅವರಿಗಿರುವ ಚಿಂತೆ ಒಂದೇ: ಅದಕ್ಕೆ ಯಾವ ಬಣ್ಣ ಬಳಿಸಬೇಕು ಎಂಬುದು. ಅದನ್ನೂ ಮನೆಯಾಕೆ ತೀರ್ಮಾನಿಸಿಬಿಟ್ಟಿರುತ್ತಾರೆ. ಯಜಮಾನರು ಒಪ್ಪಿಕೊಂಡರೆ ಆಯಿತು. ಉಡುಪಿಯ ಕಡೆ ಹಾಗಲ್ಲ. ಅಲ್ಲಿ ಬೆಂಗಳೂರಿನ ಸುಮಾರು ನಾಲ್ಕರಷ್ಟು ಮಳೆ, ಅದೂ ಬಹುಮಟ್ಟಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟಾದರೂ ಸಹಿಸಬಹುದು. ಆದರೆ ಆ ಮಳೆ ಶಾಲೆಯ ಪುಸ್ತಕದಲ್ಲಿ ಹೇಳಿದಂತೆ ಮೇಲಿನಿಂದ ಕೆಳಕ್ಕೆ ಬೀಳುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಳುತ್ತದೆ. ಸಮುದ್ರದ ಗಾಳಿ ಹನಿಯನ್ನು ಅಡ್ಡಡ್ಡ ಎತ್ತಿ ತಂದು ಗೋಡೆಗೆ ಬಡಿಯುತ್ತದೆ. ಇದಕ್ಕೆ ಇರಚಲು ಎಂದು ಹೆಸರು. ಮಾಡು ಎಷ್ಟೇ ಗಟ್ಟಿಯಾಗಿರಲಿ, ಇರಚಲಿಗೆ ಅದರ ಹಂಗಿಲ್ಲ. ಆದ್ದರಿಂದಲೇ ನಮ್ಮೂರಿನಲ್ಲಿ ಗೋಡೆಗೆ ಬಣ್ಣವಲ್ಲ, ಬಟ್ಟೆ ಬೇಕು, ಅದರಲ್ಲಿಯೂ ಪಡುಗೋಡೆಗೆ.

ಕಾಪುವಿಗೂ ಉಡುಪಿಗೂ ನಡುವೆ, ಕಡಲಿನಿಂದ ಎರಡು ಕಿಲೋಮೀಟರ್ ಒಳಗೆ ನಮ್ಮದೊಂದು ಹಳೆಯ ಮನೆಯಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅಲ್ಲಿ ದೊಡ್ಡಮ್ಮ ಇದ್ದಾರೆ. ಜತೆಗೆ ಮನೆಗೆಲಸದ ಹುಡುಗಿಯೊಬ್ಬಳು. ದೊಡ್ಡಮ್ಮನಿಗೆ ಈಗ ಎಪ್ಪತ್ತೆಂಟು. ಮಕ್ಕಳಿಲ್ಲದ ಅವರು ನನ್ನನ್ನೂ ನನ್ನ ಅಣ್ಣನನ್ನೂ ಮಕ್ಕಳೆಂದೇ ಸಾಕಿದವರು. ಮುಂಬಯಿಯಲ್ಲಿರುವ ಅಣ್ಣ ಐದಾರು ವರ್ಷಗಳಿಂದ ಒಂದೇ ಮಾತು ಹೇಳುತ್ತಿದ್ದ: “ಮನೆ ಮಾರಿಬಿಡೋಣ, ದೊಡ್ಡಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರ್ತೇನೆ.” ಅವನ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನುವಂತಿಲ್ಲ. ಪ್ರತಿ ಆಟಿ ತಿಂಗಳಲ್ಲೂ ದೊಡ್ಡಮ್ಮನಿಗೆ ಕೆಮ್ಮು ಹಿಡಿಯುತ್ತಿತ್ತು. ಅವರು ಮಲಗುವ ಕೋಣೆಯ ಪಡುಗೋಡೆ ಒಳಗಡೆಯಿಂದ ಬೆವರುತ್ತಿತ್ತು. ಕಪಾಟಿನ ಸೀರೆಗಳಿಗೆ ಬೂಷ್ಟು. ಗೋಡೆಗೆ ಕೈಯಿಟ್ಟರೆ ಜ್ವರ ಬಿಟ್ಟ ಮೈ ಮುಟ್ಟಿದ ಹಾಗೆ ತಣ್ಣಗೆ, ಒದ್ದೆ. ವೈದ್ಯರು ಮದ್ದು ಬರೆದುಕೊಟ್ಟು, “ಕೋಣೆ ಬದಲಾಯಿಸಿ,” ಎಂದರು. ದೊಡ್ಡಮ್ಮ ಬದಲಾಯಿಸಲಿಲ್ಲ, ಮಂಚವನ್ನು ಮಾತ್ರ ಗೋಡೆಯಿಂದ ಈಚೆಗೆಳೆದು ಕೋಣೆಯ ನಡುವೆ ಹಾಕಿಕೊಂಡರು. “ಗೋಡೆ ಬಿದ್ದ ದಿವಸ ಮುಂಬಯಿಗೆ ಬರ್ತೇನೆ ಅಂತ ಅವನಿಗೆ ಹೇಳು ಮಾರಾಯ,” ಎಂದು ನನಗೆ ಫೋನಿನಲ್ಲಿ ಹೇಳಿದರು. ಹೀಗೆ ಮೂವರ ಬದುಕಿನ ಪ್ರಶ್ನೆಯೊಂದು ಮೂವತ್ತೆರಡು ಅಡಿ ಉದ್ದದ ಗೋಡೆಯೊಂದರ ಮೇಲೆ ಬಂದು ಕೂತಿತು.

ಗೋಡೆ ಮುರಕಲ್ಲಿನದು. ಘಟ್ಟದ ಮೇಲಿನವರು ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು. ನೀರು ಕಂಡರೆ ಸ್ಪಂಜಿನ ಹಾಗೆ ಹೀರುತ್ತದೆ. ಹೀರಿದ ಮೇಲೆ ಬಲ ಕಳೆದುಕೊಳ್ಳುತ್ತದೆ. ಬಿಸಿಲು ಬಂದಾಗ ಹೀರಿದ್ದನ್ನು ಬಿಟ್ಟುಕೊಡುತ್ತದೆ ಎಂಬುದೇ ಅದರ ದೊಡ್ಡಗುಣ.

ಹಿಂದೆ ಈ ಗೋಡೆಗೆ ಚಿಪ್ಪುಸುಣ್ಣದ ಗಾರೆಯಿತ್ತು. ಮೇ ತಿಂಗಳಲ್ಲಿ ಅದರ ಮುಂದೆ ತೆಂಗಿನ ಮಡಲು ಹೆಣೆದ ತಟ್ಟಿಗಳನ್ನು ಕಟ್ಟುತ್ತಿದ್ದರು. ಪತ್ತನಾಜೆಯಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಮನೆ ಮಡಲಿನ ಅಂಗಿ ತೊಟ್ಟು ನಿಂತಿರುತ್ತಿತ್ತು. ಮಳೆ ಮುಗಿದ ಮೇಲೆ ಆ ತಟ್ಟಿಗಳೇ ಬಚ್ಚಲೊಲೆಗೆ ಉರುವಲು. ಕಟ್ಟುತ್ತಿದ್ದ ಮುದುಕ ತೀರಿಹೋಗಿ ಎಷ್ಟೋ ಕಾಲವಾಯಿತು. ಅವನ ಮಕ್ಕಳು ಗಲ್ಫಿನಲ್ಲಿದ್ದಾರೆ. ತಟ್ಟಿ ನಿಂತಿತು. ಬದಲಿಗೆ ಅಣ್ಣ ಸುಣ್ಣದ ಗಾರೆ ಕೀಳಿಸಿ ಸಿಮೆಂಟು ಬಳಿಸಿದ. ಅದರ ಮೇಲೆ, ಏಳು ವರ್ಷ ನೀರು ಒಳಗೆ ಬಿಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ ಕಂಪನಿಯೊಂದರ ಬಣ್ಣವನ್ನೂ ಹೊಡೆಸಿದ. ಎರಡನೆಯ ಮಳೆಗಾಲಕ್ಕೆ ಆ ಬಣ್ಣ ಪೂರಿಯಂತೆ ಉಬ್ಬಿತು. ಉಗುರಿನಿಂದ ಚುಚ್ಚಿದರೆ ಒಳಗಿನಿಂದ ನೀರು ಇಳಿಯುತ್ತಿತ್ತು. ಕಂಪನಿಯವರು ಬಂದು ನೋಡಿ, ತಪ್ಪು ಗೋಡೆಯದು ಎಂದು ತೀರ್ಪಿತ್ತು ಹೋದರು.

ಅವರು ಹೇಳಿದ್ದು ತಮಾಷೆಯೆನಿಸಿದರೂ ಅದರಲ್ಲಿ ವಿಚಾರವಿದೆ. ಸಿಮೆಂಟಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಇರಚಲಿನ ನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ. ಗಾಳಿ ತಳ್ಳುತ್ತದೆ, ಕಲ್ಲು ಎಳೆದುಕೊಳ್ಳುತ್ತದೆ. ಹೋದ ನೀರು ಹಿಂದಕ್ಕೆ ಬರಲು ಹೊರಟರೆ ಸಿಮೆಂಟೂ ಬಣ್ಣವೂ ಬಾಗಿಲು ಹಾಕಿಕೊಂಡು ಕೂತಿವೆ. ಆಗ ಅದು ಒಳಮುಖವಾಗಿ ದೊಡ್ಡಮ್ಮನ ಕೋಣೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಈ ಕೆಲಸವನ್ನು ನಾನು ಕೈಗೆತ್ತಿಕೊಂಡಾಗ ಅಣ್ಣ ಒಂದು ಮಳೆಗಾಲದ ಗಡುವು ಕೊಟ್ಟ. ಅದಾದ ಮೇಲೂ ಗೋಡೆ ಒಸರಿದರೆ ಮನೆ ಮಾರುವುದೇ ಎಂದು ಮೂವರಲ್ಲೂ ಮಾತಾಯಿತು. ದೊಡ್ಡಮ್ಮ “ಆಯಿತು,” ಎಂದರು; ಆ ಮೇಲೆ ಎರಡು ದಿವಸ ಸರಿಯಾಗಿ ಊಟ ಮಾಡಲಿಲ್ಲವೆಂದು ಹುಡುಗಿ ಗುಟ್ಟಾಗಿ ತಿಳಿಸಿದಳು.

ಅಂಗಡಿಗಳಲ್ಲಿ ಗೋಡೆಗೆ ಹೊದೆಸುವ ವಸ್ತುಗಳಿಗೇನೂ ಬರವಿಲ್ಲ. ಪ್ಲಾಸ್ಟಿಕ್ಕಿನ ಹಲಗೆಗಳನ್ನು ಮುಟ್ಟಿ ನೋಡಿ ಮುಂದೆ ಹೋದೆ. ನಮ್ಮ ಪಡುವಣ ಬಿಸಿಲನ್ನು ಅವು ಎಷ್ಟು ವರ್ಷ ತಡೆದಾವು ಎಂಬ ನಂಬಿಕೆ ಹುಟ್ಟಲಿಲ್ಲ. ಸಿಮೆಂಟು ಹಲಗೆಗಳು ನೋಡಲು ಲಕ್ಷಣವಾಗಿವೆ, ಆದರೆ ಕುಯ್ದ ಅಂಚುಗಳಿಗೆಲ್ಲ ಸರಿಯಾಗಿ ಬಣ್ಣ ಹಾಕದಿದ್ದರೆ ಅಲ್ಲಿಂದ ನೀರು ಕುಡಿಯುತ್ತವೆ. ಅಂಚಿಗೆ ಬಣ್ಣ ಹಾಕುವ ತಾಳ್ಮೆಯ ಕೆಲಸಗಾರನನ್ನು ಎಲ್ಲಿಂದ ತರೋಣ? ಊರಿನವರೆಲ್ಲ ಮೆಚ್ಚಿಕೊಂಡಿರುವುದು ಬಣ್ಣದ ತಗಡಿನ ಶೀಟು. ಅಗ್ಗ, ಹಗುರ, ಎರಡು ದಿನದ ಕೆಲಸ. ಉಡುಪಿಯ ಸುತ್ತ ಈಗ ತಾರಸಿಗಳ ಮೇಲೆಲ್ಲ ಅದೇ. ನನಗೂ ಆಸೆಯಾಯಿತು. ಆದರೆ ಉಪ್ಪುಗಾಳಿಯಲ್ಲಿ ತಗಡಿನ ಕುಯ್ದ ಅಂಚೂ ಸ್ಕ್ರೂ ಹೊಕ್ಕ ತೂತೂ ಮೊದಲು ತುಕ್ಕು ಹಿಡಿಯುತ್ತವೆ. ಮಾರ್ಚ್, ಏಪ್ರಿಲ್‌ಗಳ ಇಳಿಬಿಸಿಲಿಗೆ ಅದು ಕಾವಲಿಯಾಗುತ್ತದೆ. ಇನ್ನು ಮಳೆಯ ಸದ್ದು! ಹಗುರ ನಿದ್ದೆಯ ಮುದುಕಿಯೊಬ್ಬರ ಕಿವಿಯ ಪಕ್ಕದಲ್ಲಿ ನಾಲ್ಕು ತಿಂಗಳು ಚೆಂಡೆ ಬಾರಿಸಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ದೊಡ್ಡಮ್ಮನ ಒಂದು ಮಾತು. ತಟ್ಟಿ ಕಟ್ಟುವುದನ್ನು ವಿವರಿಸುತ್ತ ಅವರೆಂದರು: “ಗೋಡೆಗೆ ತಾಗಿಸಿ ಕಟ್ಟಲಿಕ್ಕಿಲ್ಲ. ಒಂದು ಗೇಣು ಬಿಡಬೇಕು. ಇಲ್ಲದಿದ್ರೆ ಒರಲೆ ಹಿಡೀತದೆ, ಗೋಡೆ ಕೊಳೀತದೆ.” ಆ ಒಂದು ಗೇಣಿನ ಮೇಲೆ ದೂರದ ತಣ್ಣನೆಯ ದೇಶಗಳಲ್ಲಿ ಶಾಸ್ತ್ರವೇ ಬೆಳೆದಿದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ಲಿನವರು 1963ರಲ್ಲಿ ಹೊರತಂದ ಜಿ. ಕೆ. ಗಾರ್ಡನ್ ಅವರ ಚಿಕ್ಕ ಲೇಖನವೊಂದು ಈ ವಿಷಯದಲ್ಲಿ ಹೆಸರಾದದ್ದು. ಗೋಡೆ ಸೋರಬೇಕಾದರೆ ಮೂರು ಕೂಡಬೇಕು: ಮೇಲ್ಮೈಯಲ್ಲಿ ನೀರು, ಒಂದು ಕಂಡಿ, ನೀರನ್ನು ಒಳಗೆ ತಳ್ಳುವ ಬಲ. ಕಂಡಿಗಳನ್ನೆಲ್ಲ ಮುಚ್ಚಿ ಗೆದ್ದವರಿಲ್ಲ. ಆದ್ದರಿಂದ ಬಲವನ್ನು ಕಳೆಯಿರಿ ಎನ್ನುತ್ತದೆ ಅದು. ಹೊರಗೊಂದು ಹೊದಿಕೆ, ಅದರ ಹಿಂದೆ ಗಾಳಿಯ ಸಂದು. ಹೊದಿಕೆಯ ಎರಡು ಬದಿಯಲ್ಲೂ ಗಾಳಿಯ ಒತ್ತಡ ಹೆಚ್ಚುಕಡಮೆ ಸಮನಾದರೆ ನೀರನ್ನು ತಳ್ಳುವವರಿಲ್ಲ. ತಪ್ಪಿ ಒಳಗೆ ಬಂದ ಹನಿ ಹೊದಿಕೆಯ ಬೆನ್ನಿನಲ್ಲೇ ಜಾರಿ ಕೆಳಗಿಳಿಯುತ್ತದೆ. ಗೋಡೆ ಒದ್ದೆಯಾದರೂ ಸಂದಿನ ಗಾಳಿಗೆ ಒಣಗುತ್ತದೆ. ನಮ್ಮ ತಟ್ಟಿಯ ಮುದುಕ ಇದನ್ನು ಕೈಯಳತೆಯಲ್ಲಿ ಮಾಡುತ್ತಿದ್ದ.

ಆ ಅಂಗಿ ಯಾವುದರದಾದರೇನು? ಊರಿನಲ್ಲೇ ಹುಟ್ಟಿದ ಹಂಚು ಇದೆಯಲ್ಲ! ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಕೆಂಪು ಹಂಚು ಕರಾವಳಿಯ ಮಳೆಯನ್ನೂ ಉಪ್ಪನ್ನೂ ಕಂಡಿದೆ. ತುಕ್ಕಿಲ್ಲ, ಒರಲೆಯಿಲ್ಲ. ಕಾರ್ಖಾನೆಗಳು ಬಹಳಷ್ಟು ಮುಚ್ಚಿದವು. ಆದರೆ ಕೆಡವಿದ ಮನೆಗಳ ಹಂಚು ಬೇಕಾದಷ್ಟು ಸಿಗುತ್ತದೆ. ನಾನು ಐನೂರ ನಲವತ್ತು ಹಂಚು ತಂದೆ. ಕೆಲವದರ ಬೆನ್ನಿನಲ್ಲಿ 1865 ಎಂದು ಅಚ್ಚಿತ್ತು. ಅಷ್ಟು ಹಳೆಯ ಹಂಚೇ ಎಂದು ನೆರೆಯವರು ಬೆರಗಾದರು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ ಎಂದು ಹೇಳಿ ಅವರ ಸಂತೋಷ ಕೆಡಿಸುವ ಮನಸ್ಸಾಗಲಿಲ್ಲ.

ಮೇಸ್ತ್ರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. “ಹಂಚು ಮಾಡಿಗೆ ಹೊದೆಸುವುದು ಸಾರ್, ಗೋಡೆಗಲ್ಲ. ನಿಲ್ಲಿಸಿದ್ರೆ ಜಾರಿ ಯಾರ ತಲೆಗಾದ್ರೂ ಬಿದ್ರೆ ಎಂತ ಮಾಡುವುದು?” ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಸೀಮೆಗಳಲ್ಲಿ ಮುನ್ನೂರು ವರ್ಷಗಳಿಂದ ಗೋಡೆಗೆ ಹಂಚು ತೊಡಿಸುತ್ತಾರೆ ಎಂದೆ. “ಅಲ್ಲಿ ನಮ್ಮ ಮಳೆ ಉಂಟಾ?” ಎಂದ. ಇಲ್ಲವೆಂದು ಒಪ್ಪಿಕೊಂಡೆ. ಆದರೆ ಅವನ ಇನ್ನೊಂದು ಆಕ್ಷೇಪಣೆ ನಿಜವಾಗಿ ತೂಕದ್ದು. ಹಂಚೊಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಒಟ್ಟು ಒಂದು ಟನ್ನಿನ ಮೇಲೆ ಮುನ್ನೂರೈವತ್ತು ಕಿಲೋ. ಮೊದಲೇ ನೆಂದು ಸೋತ ಮುರಕಲ್ಲಿಗೆ ಮೊಳೆ ಹೊಡೆದು ಅಷ್ಟನ್ನು ನೇತುಹಾಕುವುದು ಹೇಗೆ? ಉಪಾಯವನ್ನು ಹುಡುಕಿದವನೂ ಅವನೇ. ಹಾಳುಬಿದ್ದ ದನದ ಹಟ್ಟಿಯಲ್ಲಿ ಬೋಗಿಮರದ ಹಳೆಯ ಪಕ್ಕಾಸುಗಳಿದ್ದವು. ಗೋಡೆಯ ಬುಡಕ್ಕೆ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಪಕ್ಕಾಸುಗಳನ್ನು ಸಾಲಾಗಿ ನಿಲ್ಲಿಸಿದ. ಭಾರವೆಲ್ಲ ಕಟ್ಟೆಗೆ, ಗಾಳಿಗೆ ಅಲುಗದಂತೆ ಹಿಡಿಯುವ ಕೆಲಸ ಮಾತ್ರ ಗೋಡೆಗೆ. ಪಕ್ಕಾಸಿಗೆ ಅಡ್ಡವಾಗಿ ರೀಪು. ರೀಪಿಗೆ ಹಂಚು, ಪ್ರತಿ ಹಂಚಿನ ತಲೆಗೂ ತೂತು ಕೊರೆದು ತಂತಿ ಕಟ್ಟಿದ.

ಇದಕ್ಕೆಲ್ಲ ಮೊದಲು ಡಿಸೆಂಬರಿನಲ್ಲಿಯೇ ಸಿಮೆಂಟು ಕೀಳಿಸಿದ್ದೆ. ಗೋಡೆ ನಾಲ್ಕು ತಿಂಗಳು ಬರಿಮೈಯಲ್ಲಿ ಬಿಸಿಲು ಕಾಯಿಸಿಕೊಂಡಿತು. ಒದ್ದೆ ಗೋಡೆಗೆ ಹೊಸ ಅಂಗಿ ತೊಡಿಸುವ ಅವಸರವೇ ಎಷ್ಟೋ ಮನೆಗಳನ್ನು ಕೆಡಿಸುತ್ತದೆ. ಏಪ್ರಿಲ್‌ನಲ್ಲಿ ಸುಣ್ಣದ ತೆಳುಗಾರೆ, ಆ ಮೇಲೆ ಪಕ್ಕಾಸು. ತಂತಿ, ಸ್ಕ್ರೂಗಳ ವಿಷಯದಲ್ಲಿ ನಾನು ಜಿಪುಣತನ ಮಾಡಲಿಲ್ಲ. ಸಾಧಾರಣ ಮೊಳೆಯನ್ನು ಕಡಲಗಾಳಿ ಕೆಲವೇ ಮಳೆಗಾಲದಲ್ಲಿ ತಿಂದುಹಾಕುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ 304 ಎಂಬುದಕ್ಕಿಂತ ಮಾಲಿಬ್ಡಿನಮ್ ಬೆರೆತ 316 ಎಂಬುದು ಉಪ್ಪಿಗೆ ಹೆಚ್ಚು ತಾಳುತ್ತದೆ. ಅಂಗಡಿಯವನು ನನ್ನನ್ನು ಹಡಗು ಕಟ್ಟಿಸುವವನೆಂದು ತಿಳಿದಿರಬೇಕು.

ನಿಜವಾದ ಪರೀಕ್ಷೆಯಿದ್ದದ್ದು ಕಿಟಕಿಗಳಲ್ಲಿ. ಅಂಗಿಗೆ ಕುತ್ತಿಗೆ ಕತ್ತರಿಸುವುದೇ ಕಷ್ಟ ಎಂದು ದರ್ಜಿಗಳು ಹೇಳುತ್ತಾರಲ್ಲ, ಹಾಗೆ. ಹಂಚಿನ ಬೆನ್ನಿನಲ್ಲಿ ಇಳಿದ ನೀರು ಕಿಟಕಿಯ ನೆತ್ತಿಗೆ ಬಂದು ನಿಂತರೆ ಚೌಕಟ್ಟಿನೊಳಗೆ ಹೋಗುತ್ತದೆ. ಗೋಡೆಯಲ್ಲಿ ಗೀರು ಕೊರೆದು, ಅದಕ್ಕೆ ತಗಡಿನ ಪಟ್ಟಿಯ ಒಂದು ಅಂಚನ್ನು ತೂರಿಸಿ, ಇನ್ನೊಂದನ್ನು ಹೊರಕ್ಕೆ ಇಳಿಜಾರಾಗಿ ಬಾಗಿಸಬೇಕಾಯಿತು. ಮೇಸ್ತ್ರಿ ಅಲ್ಯೂಮಿನಿಯಮ್ ಸಾಕೆಂದ. ಹಸಿಸುಣ್ಣ ಅದನ್ನು ತಿನ್ನುತ್ತದೆಂದು ನಾನು ಸ್ಟೀಲೇ ಹಾಕಿಸಿದೆ. ಎರಡು ಕಿಟಕಿಗಳಿಗೆ ಹಿಡಿದ ಕಾಲದಲ್ಲಿ ಉಳಿದ ಗೋಡೆಯೆಲ್ಲ ಮುಗಿದುಹೋಯಿತು. ಕೆಳಗೆ ನಾಲ್ಕು ಬೆರಳು, ಮೇಲೆ ಮಾಡಿನಡಿಯಲ್ಲಿ ಅಷ್ಟೇ ಸಂದು ಬಿಟ್ಟೆವು. “ಹಾವು ಹೊಕ್ಕರೆ?” ಎಂದು ಹುಡುಗಿ ಕೇಳಿದ್ದಕ್ಕೆ ಎರಡಕ್ಕೂ ಜಾಲರಿ ಬಂತು.

ಜೂನ್ ಬಂತು. ನಾನು ಬೆಂಗಳೂರಿನಲ್ಲಿ ಕೂತು ದಿನಾ ಫೋನು ಮಾಡುವುದು, “ಗೋಡೆ ಮುಟ್ಟಿ ನೋಡಿದಿರಾ?” ಎಂದು ಕೇಳುವುದು. ಹತ್ತು ದಿನ ಕಳೆದ ಮೇಲೆ ದೊಡ್ಡಮ್ಮ ಗದರಿದರು: “ನನ್ನ ಮೈಗೆ ಹೇಗುಂಟು ಅಂತ ಒಂದು ದಿವಸವಾದ್ರೂ ಕೇಳಿದೆಯಾ?” ಆಗಸ್ಟಿನಲ್ಲಿ ನಾನೇ ಹೋದೆ. ನೆಲದಿಂದ ಒಂದಡಿಯವರೆಗೆ ಗೋಡೆ ಇನ್ನೂ ತಣ್ಣಗಿತ್ತು. ಅದು ಬುಡದಿಂದ ಏರುವ ನೀರು, ಹಂಚಿನ ಕೈಗೆ ಸಿಗುವಂಥದಲ್ಲ, ಅದಕ್ಕೆ ಬೇರೆ ಮದ್ದು ಮಾಡಬೇಕು. ಅದರ ಮೇಲೆ ಮಾಡಿನವರೆಗೂ ಸುಣ್ಣ ಬೆಳ್ಳಗೆ ಒಣಗಿತ್ತು. ಮಂಚ ಮತ್ತೆ ಗೋಡೆಗೆ ಒರಗಿಕೊಂಡಿತ್ತು. ಕೆಮ್ಮು ಪೂರ್ತಿ ಹೋಗಿರಲಿಲ್ಲ. ಅಣ್ಣನೊಡನೆ ಫೋನಿನಲ್ಲಿ ಮಾತಾಡುವಾಗ ದೊಡ್ಡಮ್ಮ ಅದನ್ನು ಆದಷ್ಟು ತಡೆದುಕೊಳ್ಳುತ್ತಿದ್ದುದನ್ನು ನೋಡಿದೆ. ಅವನಿಗೆ ಹೇಳಲು ಹೋಗಲಿಲ್ಲ.

ನಾನು ಹೊರಟ ಹಿಂದಿನ ರಾತ್ರಿ ಗಾಳಿಗೆ ತೆಂಗಿನ ಮಡಲೊಂದು ಬಡಿದು ನಾಲ್ಕು ಹಂಚು ಒಡೆದವು. ಬೆಳಿಗ್ಗೆ ಎದ್ದು ನೋಡಿದರೆ ಹುಡುಗಿ ಆಗಲೇ ಏಣಿ ಹತ್ತಿದ್ದಾಳೆ. ಅಟ್ಟದಿಂದ ತಂದ ಮಿಗತೆ ಹಂಚುಗಳು ಜಗಲಿಯ ಮೇಲಿವೆ. ದೊಡ್ಡಮ್ಮ ಕೊಡೆ ಹಿಡಿದು ಕುರ್ಚಿಯಲ್ಲಿ ಕೂತು, ತಂತಿಯನ್ನು ಯಾವ ಕಡೆಗೆ ತಿರುಚಬೇಕೆಂದು ಕೆಳಗಿನಿಂದ ಹೇಳಿಕೊಡುತ್ತಿದ್ದರು.