ಮೇಘಾಧಿಪತಿ, ಅರ್ಘಾಧಿಪತಿ ಮತ್ತು ಮಾರ್ಚ್ 15

ಈ ಸಲದ ಯುಗಾದಿ ಕೂಟದಲ್ಲಿ ಪಂಚಾಂಗ ಶ್ರವಣ ಮುಗಿದು ಎಲ್ಲರೂ ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹುಡುಗ ನಮ್ಮನ್ನು ತಡೆದು ಕೇಳಿದ: "ಅಂಕಲ್, ಈ ಮೇಘಾಧಿಪತಿ, ಅರ್ಘಾಧಿಪತಿ ಅಂದರೆ ಯಾರು? ಅವರು ಆಯೊವಾಕ್ಕೂ ಬರುತ್ತಾರಾ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕು, ಮೇಘಾಧಿಪತಿ ಮಳೆಯ ಒಡೆಯ, ಅರ್ಘಾಧಿಪತಿ ಬೆಲೆಯ ಒಡೆಯ ಎಂದು ಹೇಳಿ ಕಳಿಸಿದೆವು. ಆದರೆ ಊರಿಗೆ ಹಿಂದಿರುಗುವಾಗ ರಸ್ತೆಯ ಎರಡೂ ಕಡೆ ಬಿತ್ತನೆಗೆ ಕಾದಿದ್ದ ಕಪ್ಪು ನೆಲ ನೋಡುತ್ತ, ಹುಡುಗ ಕೇಳಿದ್ದು ನಗುವ ಮಾತಲ್ಲ ಎನಿಸಿತು. ರೈತನನ್ನು ಎಲ್ಲ ದೇಶದಲ್ಲೂ ಕಾಡುವವರು ಈ ಇಬ್ಬರೇ. ಇಲ್ಲಿಯ ರೈತರು ಅವರೊಡನೆ ಹೇಗೆ ಏಗುತ್ತಾರೆಂಬುದನ್ನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಪಕ್ಕದಲ್ಲಿದ್ದು ನೋಡಿದ್ದೇವೆ. ನೋಡಿಯೂ ಕಲಿಯದೆ ಒಂದು ತಪ್ಪು ಮಾಡಿದ್ದೇವೆ. ಅದನ್ನು ಸಂಘದ ಬಂಧುಗಳ ಮುಂದೆ ಹೇಳಿಕೊಳ್ಳಲು ಈ ಬರಹ.

ನಾವು ಈ ಊರಿಗೆ ಬಂದದ್ದು 1998ರ ಜುಲೈನಲ್ಲಿ. ರೆಸಿಡೆನ್ಸಿ ಮುಗಿದಿತ್ತು. ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕೆಂಬುದು ವೀಸಾದ ಕರಾರು. ಸುತ್ತ ಎತ್ತ ನೋಡಿದರೂ ಮೆಕ್ಕೆಜೋಳ, ಸೋಯಾ, ಹಂದಿಯ ಕೊಟ್ಟಿಗೆಗಳು. ಆ ಡಿಸೆಂಬರಿನಲ್ಲಿ ಮೊದಲ ದೊಡ್ಡ ಹಿಮ ಬಿದ್ದಾಗ ನಮ್ಮ ಮನೆಯ ಮುಂದಿನ ಹಾದಿಯನ್ನು ನೆರೆಯ ಯಜಮಾನರೊಬ್ಬರು ಕೇಳದೆಯೇ ತಮ್ಮ ಟ್ರ್ಯಾಕ್ಟರಿನಿಂದ ಬಿಡಿಸಿ ಕೊಟ್ಟರು. ಕ್ರಿಸ್‌ಮಸ್ಸಿಗೆ ಮತ್ತೆ ಬಂದರು. ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ತುಂಬ ಹಂದಿಮಾಂಸ! ಸಸ್ಯಾಹಾರಿಗಳಾದ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಅವರು ಸಂಕೋಚದಿಂದಲೇ ಹೇಳಿದರು: "ಮಾರುವುದಕ್ಕಿಂತ ಕೊಟ್ಟುಬಿಡುವುದೇ ಈ ವರ್ಷ ಅಗ್ಗ."

ಅದು ತಮಾಷೆಯ ಮಾತಾಗಿರಲಿಲ್ಲ. ಆ ತಿಂಗಳು ಹಂದಿಯ ಬೆಲೆ ಪೌಂಡಿಗೆ 10 ಸೆಂಟಿನ ಹತ್ತಿರಕ್ಕೆ ಕುಸಿದಿತ್ತು. 250 ಪೌಂಡಿನ ಹಂದಿಗೆ ಸಿಗುವುದು ಸುಮಾರು 25 ಡಾಲರ್, ಅದನ್ನು ಸಾಕಲು ತಗುಲಿದ್ದು 90-100 ಡಾಲರ್. ದೇಶದಲ್ಲಿ ಹಂದಿಗಳು ಹೆಚ್ಚಾಗಿದ್ದವು, ಕಡಿಯುವ ಕಾರ್ಖಾನೆಗಳ ಸಾಮರ್ಥ್ಯ ಸಾಲದಾಗಿತ್ತು. ಜೋಳಕ್ಕಾದರೆ ಕಣಜವಿದೆ, ಬೆಲೆ ಬರುವ ತನಕ ಕಾಯಿಸಬಹುದು. ಹಂದಿ ಆರು ತಿಂಗಳಿಗೆ ಮಾರಾಟಕ್ಕೆ ಬಂತೆಂದರೆ ಕಾಯುವುದಿಲ್ಲ. ದಿನವೂ ತಿನ್ನುತ್ತದೆ, ತೂಕ ಮಿತಿ ಮೀರಿದರೆ ಕೊಳ್ಳುವವನು ಬೆಲೆಯನ್ನು ಇನ್ನೂ ಮುರಿಯುತ್ತಾನೆ. ಆ ಚಳಿಗಾಲ ನಮ್ಮ ಕ್ಲಿನಿಕ್ಕಿಗೆ ಎದೆ ಬಿಗಿತವೆಂದು, ನಿದ್ದೆ ಇಲ್ಲವೆಂದು ಬಂದ ಗಂಡಸರು ಎಷ್ಟೋ ಜನ. ಇ.ಸಿ.ಜಿ. ಶುದ್ಧವಾಗಿರುತ್ತಿತ್ತು. ಕಾಯಿಲೆ ಎಲ್ಲಿದೆ ಎಂದು ತಿಳಿಯಲು ನಮಗೆ ಒಂದೆರಡು ತಿಂಗಳೇ ಬೇಕಾಯಿತು.

ನೆರೆಯವರು ಮಾರನೆಯ ವರ್ಷ ಹಂದಿ ಸಾಕುವುದನ್ನೇ ಬಿಟ್ಟರು. ಅವರ ಪರಿಚಯದವರೊಬ್ಬರು ಬೇಸಿಗೆಯಲ್ಲೇ ಅರ್ಧ ಹಿಂಡಿಗೆ ಮುಂಗಡ ಬೆಲೆ ಗೊತ್ತು ಮಾಡಿಕೊಂಡಿದ್ದರಂತೆ. ಇವರು 1997ರ ಒಳ್ಳೆಯ ಬೆಲೆಯ ನೆನಪಿನಲ್ಲಿ ಕಾದು ಕೂತರು. "ಡಾಕ್ಟರೇ, ನಾನು ಬೆಲೆಯನ್ನೇ ನೋಡುತ್ತಿದ್ದೆ, ಬ್ಯಾಂಕಿನ ಕಂತನ್ನು ನೋಡಬೇಕಿತ್ತು" ಎಂದರು. ಆ ಮಾತನ್ನು ನಾವು ಬಹಳ ಮೆಚ್ಚಿಕೊಂಡೆವು. ಮೆಚ್ಚಿಕೊಂಡೆವು ಅಷ್ಟೆ.

ಅದರ ಅರ್ಥ ಬಿಡಿಸಿ ಹೇಳುತ್ತೇವೆ. ಇಲ್ಲಿ ಬೆಳೆವಿಮೆಗೆ ಸಹಿ ಹಾಕಲು ಮಾರ್ಚ್ 15 ಕೊನೆಯ ದಿನ. ಆಗ ನೆಲ ಇನ್ನೂ ತಣ್ಣಗಿರುತ್ತದೆ, ಮಳೆಯ ಸುಳಿವು ಯಾರಿಗೂ ಇರುವುದಿಲ್ಲ. ಷಿಕಾಗೊ ಬೋರ್ಡ್ ಆಫ್ ಟ್ರೇಡ್ 1848ರಲ್ಲಿ ಹುಟ್ಟಿದ ಪೇಟೆ. ಅಲ್ಲಿ ಡಿಸೆಂಬರ್ ವಾಯಿದೆಯ ಜೋಳ ಫೆಬ್ರವರಿ ತಿಂಗಳಲ್ಲಿ ಯಾವ ಬೆಲೆಗೆ ನಡೆಯಿತೋ ಅದರ ಸರಾಸರಿಯೇ ವಿಮೆಯ ಮೂಲ ಬೆಲೆ. 2012ರಲ್ಲಿ ಅದು ಬುಷೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, 5.68 ಡಾಲರ್ ಇತ್ತು. ಎಕರೆಗೆ ಸರಾಸರಿ 180 ಬುಷೆಲ್ ಬೆಳೆಯುವ ರೈತ ಶೇ. 80ರ ವಿಮೆ ಮಾಡಿಸಿದ್ದರೆ 144 ಬುಷೆಲ್‌ಗೆ ರಕ್ಷೆ, ಸುಮಾರು 818 ಡಾಲರ್. ಆ ವರ್ಷ ಭಾರಿ ಬರ ಬಂತು. ಅಕ್ಟೋಬರಿನ ಸರಾಸರಿ 7.50ಕ್ಕೆ ಏರಿದ್ದರಿಂದ ರಕ್ಷೆಯೂ 1,080 ಡಾಲರಿಗೆ ಏರಿತು. ಹೊಲದಲ್ಲಿ 100 ಬುಷೆಲ್ ಮಾತ್ರ ಬಂದಿದ್ದರೆ ಅದರ ಬೆಲೆ 750, ಉಳಿದ 330 ವಿಮೆಯಿಂದ. 2014ರಲ್ಲಿ ಇದಕ್ಕೆ ತಿರುವುಮುರುವು. ಬೆಳೆ ಹುಲುಸು, ಬೆಲೆ 4.62ರಿಂದ 3.49ಕ್ಕೆ ಬಿತ್ತು. ಪೂರ್ತಿ 180 ಬುಷೆಲ್ ಬಂದರೂ ಕೈಗೆ ಹತ್ತುವುದು 628, ರಕ್ಷೆ 665. ಆಗಲೂ ವಿಮೆ 37 ಡಾಲರ್ ತುಂಬಿ ಕೊಡುತ್ತದೆ. ಮಳೆಯ ಒಡೆಯ, ಬೆಲೆಯ ಒಡೆಯ, ಇಬ್ಬರಿಗೂ ಒಂದೇ ಹಗ್ಗ. ಕಂತಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಜಾನುವಾರು ಸಾಕುವವರಿಗೂ 2002ರಲ್ಲಿ ಆಯೊವಾದ ಹಂದಿಗಳಿಂದ ಮೊದಲುಗೊಂಡು ಬೆಲೆಯ ವಿಮೆ ಬಂತು. ಅದು ಬೆಲೆ ಬಿದ್ದರೆ ಕೊಡುತ್ತದೆ, ಪ್ರಾಣಿ ಸತ್ತರೆ ಕೊಡುವುದಿಲ್ಲ.

ಇದು ಸಂಜೀವಿನಿಯಲ್ಲ ಎಂಬುದನ್ನೂ ಹೇಳಬೇಕು. ಮೂಲ ಬೆಲೆ ವರ್ಷ ವರ್ಷ ಹೊಸದಾಗಿ ಕಟ್ಟುವುದರಿಂದ ಪೇಟೆ ಇಳಿಯುತ್ತ ಹೋದರೆ ರಕ್ಷೆಯೂ ಇಳಿಯುತ್ತದೆ. 2015ರಲ್ಲಿ 4.15, 2016ರಲ್ಲಿ 3.86. ಒಂದು ಕೆಟ್ಟ ವರ್ಷವನ್ನು ವಿಮೆ ದಾಟಿಸುತ್ತದೆ, ಸಾಲಾಗಿ ಬರುವ ಬಡ ವರ್ಷಗಳನ್ನಲ್ಲ. ಅದಕ್ಕೇ ಜಾಣರು ಸುಗ್ಗಿಗೆ ಮೊದಲೇ ಒಂದು ಪಾಲನ್ನು ಊರ ಎಲಿವೇಟರಿನವರಿಗೆ ಕರಾರಿನ ಮೇಲೆ ಮಾರಿರುತ್ತಾರೆ. ಯಾವ ಬೆಲೆಗೆ ಮಾರಿದರೆ ಗೊಬ್ಬರ, ಬೀಜ, ಬ್ಯಾಂಕು, ಮನೆಖರ್ಚು ಹುಟ್ಟುತ್ತದೆಂದು ಅಡಿಗೆಮನೆಯ ಮೇಜಿನ ಮೇಲೆ ಲೆಕ್ಕ ಬರೆದಿರುತ್ತಾರೆ. ಅತಿ ಹೆಚ್ಚಿನ ಬೆಲೆ ಸಿಗಲಿಲ್ಲವೆಂದು ಅಳುವುದಿಲ್ಲ. 2020ರ ಆಗಸ್ಟ್ 10ರ ಬಿರುಗಾಳಿ ಆಯೊವಾದ ಉದ್ದಕ್ಕೂ ನಿಂತ ಜೋಳವನ್ನು ಮಲಗಿಸಿ, ತಗಡಿನ ಕಣಜಗಳನ್ನು ಕಾಗದದಂತೆ ಮುದುಡಿ ಹಾಕಿತು. ಮರುದಿನ ನೆರೆಯವರ ಮಗ, ಈಗ ಹೊಲ ನೋಡಿಕೊಳ್ಳುವವನು, ಬೇಲಿಯ ಬಳಿ ಸಿಕ್ಕ. ಮುಖ ಬಾಡಿತ್ತು. ಆದರೆ ಅವನ ಅಪ್ಪನ ಕಣ್ಣಲ್ಲಿ 1998ರಲ್ಲಿ ಕಂಡ ಹೆದರಿಕೆ ಅವನಲ್ಲಿ ಇರಲಿಲ್ಲ. ಸೈರಿಸಬಹುದಾದ ನಷ್ಟ ಎಷ್ಟೆಂದು ಅವನು ಮಾರ್ಚಿನಲ್ಲೇ ಗೊತ್ತು ಮಾಡಿಟ್ಟಿದ್ದ.

ಇನ್ನು ನಮ್ಮ ತಪ್ಪು. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಹೊಲ ಮಾಡುತ್ತಾರೆ. ಅಪ್ಪನ ಕಾಲದಲ್ಲಿ ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹಗೇವಿನಲ್ಲಿ ಕಾಳು, ಕೊಟ್ಟಿಗೆಯಲ್ಲಿ ಎಮ್ಮೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಅದೇ ಅವರ ವಿಮೆ. ಈಗ ಹೊಲವೆಲ್ಲ ಗೋವಿನಜೋಳ. 2013ರ ಸುಗ್ಗಿಯಲ್ಲಿ ಅಣ್ಣ ಫೋನಿನಲ್ಲಿ "ಮಾರಿ ಬಿಡ್ಲೇನು?" ಎಂದು ಕೇಳಿದರು. ಹಿಂದಿನ ವರ್ಷ ಷಿಕಾಗೊದಲ್ಲಿ 8 ಡಾಲರ್ ದಾಟಿದ್ದನ್ನು ಕಣ್ಣಾರೆ ಕಂಡ ನಾವು, ಪೇಟೆಯನ್ನೆಲ್ಲ ಅರೆದು ಕುಡಿದವರಂತೆ, "ಈಗ ಬೇಡ, ಬೇಸಿಗೆಗೆ ಏರುತ್ತದೆ" ಎಂದೆವು. ಇಲ್ಲಿ ಆ ಅಕ್ಟೋಬರಿನ ಸರಾಸರಿ ಆಗಲೇ 4.39ಕ್ಕೆ ಇಳಿದಿತ್ತು. ಆದರೂ ಹಳೆಯ 8 ಡಾಲರೇ ನಮ್ಮ ತಲೆಯಲ್ಲಿ. ಅಣ್ಣನಿಗೆ ಸೊಸೈಟಿಯ ಸಾಲ ಎಷ್ಟಿದೆ, ಯಾವಾಗ ಕಟ್ಟಬೇಕು ಎಂದು ನಾವು ಕೇಳಲೇ ಇಲ್ಲ. ಅಲ್ಲಿ ಬೆಲೆ ಏರಲಿಲ್ಲ, ಮೂಟೆಗಳಿಗೆ ನುಸಿ ಬಿತ್ತು. ಸಾಲದ ಗಡುವಿಗೆ ಅಣ್ಣ ಹಿಂಡುವ ಎಮ್ಮೆಯನ್ನು ಮಾರಿದರು. ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ. "ನೀ ಹೇಳಿದಿ ಅಂತ ಇಟ್ಟಿದ್ವಿ. ಇರ್ಲಿ ಬಿಡು ತಮ್ಮಾ, ಎಮ್ಮಿ ಮತ್ತ ತರಾಕ ಬರ್ತೈತಿ" ಎಂದರು ಅಣ್ಣ. ಬೈದಿದ್ದರೆ ಹಗುರಾಗುತ್ತಿತ್ತು. ಎಮ್ಮೆ ಹೋದ ದಿನ ವೈನಿ ಉಣ್ಣಲಿಲ್ಲವೆಂದು ಆಮೇಲೆ ಅವರ ಮಗಳಿಂದ ತಿಳಿಯಿತು.

ದಿನವೂ ರೋಗಿಗಳಿಗೆ "ರಕ್ತದೊತ್ತಡದ ಮಾತ್ರೆ ನಾಳೆ ಪಾರ್ಶ್ವವಾಯು ಹೊಡೆಯುತ್ತದೆಂದಲ್ಲ, ಯಾವಾಗ ಹೊಡೆಯುತ್ತದೋ ಗೊತ್ತಿಲ್ಲವೆಂದು" ಎನ್ನುವವರು ನಾವು. ಅಣ್ಣನಿಗೆ ಮಾತ್ರೆ ಕೊಡುವ ಬದಲು ಭವಿಷ್ಯ ಹೇಳಿದೆವು. ಪಂಚಾಂಗದವರಾದರೂ ವರ್ಷಕ್ಕೊಮ್ಮೆ ಹೇಳುತ್ತಾರೆ, ನಾವು ವಾರಕ್ಕೊಮ್ಮೆ ಹೇಳುತ್ತಿದ್ದೆವು.

ಊರಿನಲ್ಲಿ ಹೊಲವಿರುವ ಸದಸ್ಯರು ನಮ್ಮಲ್ಲಿ ಹಲವರಿದ್ದೀರಿ. 2016ರಿಂದ ಅಲ್ಲಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರಿನ ಆಹಾರಧಾನ್ಯಕ್ಕೆ ರೈತ ಕಟ್ಟುವುದು ವಿಮೆಯ ಮೊತ್ತದ ಶೇ. 2 ಮಾತ್ರ. ಅದು ಇಳುವರಿಗೆ, ಬೆಲೆಗಲ್ಲ. ಇಳುವರಿಯ ನಷ್ಟವನ್ನೂ ಸಾಮಾನ್ಯವಾಗಿ ಅಳೆಯುವುದು ಇಡೀ ಪ್ರದೇಶದ ಬೆಳೆ ಕಟಾವಿನ ಪರೀಕ್ಷೆಯಿಂದ, ನಮ್ಮೊಬ್ಬರ ಹೊಲದಿಂದಲ್ಲ. ಕೊರತೆಗಳಿವೆ, ಆದರೂ ಗಡುವಿನೊಳಗೆ ಕಟ್ಟಿಸಿ. ಊರಿನವರು ಬೆಲೆ ಕೇಳಿದರೆ ಬೆಲೆ ಹೇಳಬೇಡಿ, "ಕಂತು ಎಷ್ಟು, ಯಾವಾಗ?" ಎಂದು ಕೇಳಿ. ಅಷ್ಟನ್ನು ಸುಗ್ಗಿಯಲ್ಲೇ ಮಾರಲು ಬಿಡಿ. ಅಣ್ಣ ಈಗ ಹಾಗೇ ಮಾಡುತ್ತಾರೆ. ಉಳಿದದ್ದನ್ನು ಅರ್ಧ ಸಂಕ್ರಾಂತಿಗೆ, ಅರ್ಧ ತಮಗೆ ತಿಳಿದಾಗ. ಎರಡು ಎಕರೆಗೆ ತೊಗರಿಯ ಅಕ್ಕಡಿ ಮತ್ತೆ ಬಂದಿದೆ. ಎಮ್ಮೆಯೂ ಬಂದಿದೆ, ಅದರ ದುಡ್ಡು ನಮ್ಮದು. ಅದನ್ನು ಸಹಾಯವೆಂದು ಮನೆಯಲ್ಲಿ ಯಾರೂ ಕರೆಯುವುದಿಲ್ಲ, ನಾವೂ ಕರೆಯುವುದಿಲ್ಲ.

ಆ ಹುಡುಗನಿಗೆ ಮುಂದಿನ ಕೂಟದಲ್ಲಿ ಸರಿಯಾದ ಉತ್ತರ ಕೊಡಬೇಕೆಂದಿದ್ದೇವೆ. ಹೌದಪ್ಪ, ಇಬ್ಬರೂ ಆಯೊವಾಕ್ಕೆ ಬರುತ್ತಾರೆ, ಪ್ರತಿ ವರ್ಷ ಬರುತ್ತಾರೆ. ಯಾವ ಮುಖ ಹೊತ್ತು ಬರುತ್ತಾರೆಂದು ಯಾರಿಗೂ ತಿಳಿಯದು. ಅದಕ್ಕೇ ಇಲ್ಲಿಯ ರೈತ ಅವರು ಬರುವ ಮೊದಲೇ ಬಾಗಿಲಿಗೆ ಅಗುಳಿ ಹಾಕಿಕೊಂಡಿರುತ್ತಾನೆ.