ಮುಳುಗಿದ ಊರಿನ ವಿಳಾಸ

ಸೈನ್ಯದಲ್ಲಿ ದುಡಿದವರು ನಿವೃತ್ತರಾಗಿ ಊರಿಗೆ ಮರಳಿದ ದಿನ ಹಾರ ಹಾಕಿ ಮೆರವಣಿಗೆ ಮಾಡುವ ನಾವು, ಅನಂತರ ಅವರ ಕಾಗದಪತ್ರಗಳ ಗತಿ ಏನಾಯಿತೆಂದು ಕೇಳುವುದು ವಿರಳ. ಈ ಮಾತನ್ನು ಪರರನ್ನು ದೂಷಿಸಲು ಹೇಳುತ್ತಿಲ್ಲ. ನನ್ನ ಚಿಕ್ಕಪ್ಪನ ಮಗನ ವಿಷಯದಲ್ಲಿ ನಾನೇ ಮೂರು ವರ್ಷ ಸುಮ್ಮನಿದ್ದವನು.

ಆತ 1990ರಲ್ಲಿ ಫಿರಂಗಿ ದಳವನ್ನು ಸೇರಿ, 2014ರಲ್ಲಿ ಹವಾಲ್ದಾರನಾಗಿ ನಿವೃತ್ತನಾದ. ತೋಪುಗಳ ಬದಿಯಲ್ಲಿಯೇ ತಾರುಣ್ಯವನ್ನು ಕಳೆದವನಿಗೆ ಎರಡೂ ಕಿವಿಗಳು ಮಂದವಾಗಿದ್ದವು. ಬಿಡುಗಡೆಗೆ ಮುನ್ನ ಪರೀಕ್ಷಿಸಿದ ವೈದ್ಯಕೀಯ ಮಂಡಳಿಯು ಆ ಊನವನ್ನು ಶೇಕಡ 20 ಎಂದು ಅಳೆಯಿತು. ಆದರೆ ಅದು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ ಎಂದು ಬರೆಯಿತು. ಆ ಒಂದು ವಾಕ್ಯದಿಂದ ಅಂಗವೈಕಲ್ಯ ಪಿಂಚಣಿ ನಿಂತಿತು. ಸೇವಾ ಪಿಂಚಣಿ ಮಾತ್ರ ಬಂದಿತು. ನಿಯಮದಂತೆ ಆರು ತಿಂಗಳೊಳಗೆ ಆತ ಮೇಲ್ಮನವಿಯನ್ನು ಕಳುಹಿಸಿದ. ಉತ್ತರ ಬರಲಿಲ್ಲ.

2018ರ ಶ್ರಾವಣದಲ್ಲಿ ಅವನ ಮನೆಗೆ ಹೋಗಿದ್ದಾಗ ಆ ಮಾತು ಬಂತು. ಏನಾಯಿತೆಂದು ವಿಚಾರಿಸಿದೆಯಾ ಎಂದು ಗಟ್ಟಿಯಾಗಿ ಕೇಳಿದೆ. ಆತ ತಲೆಯಾಡಿಸಿದ.

"ಅಣ್ಣಾ, ಕೊಡೋರು ಕೊಡ್ತಾರ. ಮತ್ತ ಮತ್ತ ಕೇಳೂದು ಅಂದ್ರ ಭಿಕ್ಷೆ ಬೇಡಿದಂಗ. ಕೈ ಒಡ್ಡಬಾರದು ಅಂತ ನೀನ ಹೇಳಿದ್ದೆಲ್ಲ?"

ನನಗೆ ಮಾತು ಹೊರಡಲಿಲ್ಲ. ಮಠದಲ್ಲಿ ಓದು ಮುಗಿಸಿ, ಊರ ಗುಡಿಯಲ್ಲಿ ಶ್ರಾವಣದ ಪ್ರವಚನ ಮಾಡುತ್ತಿದ್ದ ಕಾಲದಲ್ಲಿ ನಾನು ಕಾಯಕದ ಬಗೆಗೆ ಹಾಗೆ ಹೇಳಿದ್ದು ನಿಜ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗ ಅದನ್ನು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ. ಆದರೆ ದುಡಿಯದೆ ಬೇಡುವುದು ಬೇರೆ, ದುಡಿದುದರ ಲೆಕ್ಕ ಕೇಳುವುದು ಬೇರೆ ಎಂಬುದನ್ನು ನಾನು ಅಂದು ಬಿಡಿಸಿ ಹೇಳಿರಲಿಲ್ಲ. ಆ ಲೋಪ ನನ್ನದು. ಮೇಲಾಗಿ, ಫೋನಿನಲ್ಲಿ ಆಡಿದ ಮಾತು ಆತನಿಗೆ ಕೇಳಿಸುತ್ತಿರಲಿಲ್ಲ. ಕಿವಿ ಹೋದುದಕ್ಕಾಗಿ ಕೊಡಬೇಕಾದುದನ್ನು ಕಿವಿ ಕೇಳದವನೇ ವಿಚಾರಿಸಬೇಕಾಗಿತ್ತು. ಇನ್ನು ಮುಂದೆ ನಾನೇ ವಿಚಾರಿಸುವೆನೆಂದು ನಿಶ್ಚಯಿಸಿದೆ.

ಮೊದಲು ದೂರವಾಣಿಯಲ್ಲಿ ಕೇಳಿದೆ. ದಾಖಲೆ ಕಚೇರಿಯವರು ಪಿಂಚಣಿ ಕಚೇರಿಯನ್ನು ತೋರಿಸಿದರು. ಪಿಂಚಣಿ ಕಚೇರಿಯವರು ದಾಖಲೆ ಕಚೇರಿಯನ್ನು ತೋರಿಸಿದರು. ಎರಡು ತಿಂಗಳು ಹೀಗೆಯೇ ಕಳೆದವು. ಕಡೆಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಹಿರಿಯರೊಬ್ಬರು, "ಗುರುಗಳೇ, 'ಏನಾಯಿತು' ಎಂದು ಕೇಳಿದರೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬರುತ್ತದೆ. ಮಾಹಿತಿ ಹಕ್ಕಿನಡಿ ತಾರೀಖುಗಳನ್ನು ಕೇಳಿರಿ" ಎಂದರು. ಅವರ ಮಾತಿನಂತೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ತಮ್ಮನ ರುಜು ಹಾಕಿಸಿ ಅರ್ಜಿ ಕಳುಹಿಸಿದೆ. ಕೇಳಿದ್ದು ನಾಲ್ಕೇ ಪ್ರಶ್ನೆ: ಮೇಲ್ಮನವಿ ಯಾವ ದಿನ ತಲುಪಿತು? ಈಗ ಯಾರ ಬಳಿ ಇದೆ? ಅದರ ಮೇಲೆ ಏನು ಬರೆಯಲಾಗಿದೆ? ಅರ್ಜಿದಾರನಿಗೆ ಯಾವುದಾದರೂ ಪತ್ರ ಹೋಗಿದೆಯೇ, ಹೋಗಿದ್ದರೆ ಯಾವ ವಿಳಾಸಕ್ಕೆ?

ಕಾಯಿದೆ ಹೇಳುವ ಮೂವತ್ತು ದಿನಗಳೊಳಗೆ ಉತ್ತರ ಬಂತು. ಮತ್ತೊಮ್ಮೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕೆಂದು ತಮ್ಮನಿಗೆ ಎರಡು ಸಲ ಪತ್ರ ಹೋಗಿತ್ತು. ಎರಡೂ ವಿಲಾಸದಾರರು ಸಿಗಲಿಲ್ಲವೆಂಬ ಷರಾದೊಂದಿಗೆ ಹಿಂದಿರುಗಿದ್ದವು. ಅರ್ಜಿದಾರನಿಗೆ ಆಸಕ್ತಿಯಿಲ್ಲವೆಂದು ಭಾವಿಸಿ ಕಡತವನ್ನು ಬದಿಗಿರಿಸಲಾಗಿತ್ತು.

ವಿಳಾಸವನ್ನು ಓದಿದಾಗ ನನ್ನ ಕಣ್ಣು ಮಂಜಾಯಿತು. ಅದು 1990ರಲ್ಲಿ ಭರ್ತಿಯಾದಾಗ ಬರೆಸಿದ್ದು: ನಮ್ಮ ಹಳೆಯ ಊರು, ಬಿಜಾಪುರ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದು ನಮ್ಮ ಭಾಗ ಬಾಗಲಕೋಟೆಗೆ ಸೇರಿತು. ಮುಂದೆ ಆಲಮಟ್ಟಿಯ ಹಿನ್ನೀರಿನಲ್ಲಿ ಊರೇ ಮುಳುಗಿ, ನಾವೆಲ್ಲ ಪುನರ್ವಸತಿ ಕೇಂದ್ರಕ್ಕೆ ಬಂದೆವು. ತಮ್ಮ ಬ್ಯಾಂಕಿನಲ್ಲಿ ಹೊಸ ವಿಳಾಸ ಕೊಟ್ಟಿದ್ದ. ಸೈನ್ಯದ ದಾಖಲೆಯಲ್ಲಿ ಹಳೆಯದೇ ಉಳಿದಿತ್ತು. ಪತ್ರಗಳು ಕೃಷ್ಣೆಯ ನೀರಿನಡಿಯಲ್ಲಿದ್ದ ಮನೆಯನ್ನು ಹುಡುಕುತ್ತಿದ್ದವು!

ಹೊಸ ವಿಳಾಸದ ದಾಖಲೆಗಳನ್ನು ಲಗತ್ತಿಸಿ ಬರೆದ ಮೇಲೆ ಕಡತ ಮತ್ತೆ ತೆರೆಯಿತು. ಮನವಿಯಲ್ಲಿ ಒಂದು ತೀರ್ಪನ್ನೂ ಕಾಣಿಸಿದೆವು. ಭರ್ತಿಯಾಗುವಾಗ ಆರೋಗ್ಯದ ದಾಖಲೆಯಲ್ಲಿ ಯಾವ ದೋಷವನ್ನೂ ಬರೆದಿರದಿದ್ದರೆ ಆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯಬೇಕು. ಊನವು ಸೇವೆಯಿಂದ ಬಂದುದಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ ತಿಂಗಳಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2019ರಲ್ಲಿ ತಮ್ಮನ ಮೇಲ್ಮನವಿ ಪುರಸ್ಕೃತವಾಯಿತು. ನೂರಕ್ಕೆ ನೂರು ವೈಕಲ್ಯವಿದ್ದರೆ ಕೊನೆಯ ವೇತನದ ಶೇಕಡ 30 ಈ ಬಾಬಿನಲ್ಲಿ ದೊರೆಯುತ್ತದೆ. ಕಡಿಮೆಯಾದರೆ ಅದೇ ಪ್ರಮಾಣದಲ್ಲಿ. ಶೇಕಡ 20 ರಿಂದ 49ರವರೆಗಿನ ಊನವನ್ನು 50 ಎಂದೇ ಎಣಿಸುವ ನಿಯಮವಿದ್ದು, ಅದು ಅವಧಿ ಮುಗಿಸಿ ನಿವೃತ್ತರಾದವರಿಗೂ ಅನ್ವಯಿಸುತ್ತದೆಂದು 2014ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತ್ತು. ಹೀಗಾಗಿ ಶೇಕಡ 6 ಆಗಬೇಕಿದ್ದುದು ಶೇಕಡ 15 ಆಯಿತು.

ಆದೇಶವನ್ನು ಓದಿಸಿಕೊಂಡ ತಮ್ಮ ಹಣದ ಮಾತೆತ್ತಲಿಲ್ಲ. "ಸೇವಾದಿಂದನ ಆಗೇತಿ ಅಂತ ಬರದಾರಲ್ಲ ಅಣ್ಣಾ, ಅದು ಸಾಕು" ಎಂದ. ಅವನು ಇಷ್ಟು ದಿನ ಕಾದುದು ಆ ವಾಕ್ಯಕ್ಕಾಗಿ ಎಂಬುದು ನನಗೆ ಆಗ ತಿಳಿಯಿತು.

ಮಠದ ಜೋಳಿಗೆಯಿಂದ ಬಂದ ಅನ್ನವನ್ನುಂಡು ಬೆಳೆದವನು ನಾನು. ಇತರರ ಹಸಿವಿಗಾಗಿ ಮನೆಮನೆಯ ಬಾಗಿಲಲ್ಲಿ ನಿಂತು ಕೇಳುವುದು ಹೀನವಲ್ಲವೆಂದು ಬಾಲ್ಯದಲ್ಲಿಯೇ ಕಂಡಿದ್ದೆ. ಹಾಗಿರುವಾಗ, ಕೇಳಲಾರದ ತಮ್ಮನಿಗಾಗಿ ಒಂದು ಕಚೇರಿಯನ್ನು ಕೇಳಲು ಮೂರು ವರ್ಷ ತಡಮಾಡಿದ್ದಕ್ಕೆ ನಾಚಿಕೆಯಾಗುತ್ತದೆ.

ಈಗ ದಾರಿ ಕೆಲಮಟ್ಟಿಗೆ ಸುಗಮವಾಗಿದೆ. 2021ರಲ್ಲಿ ಬಂದ 'ಸ್ಪರ್ಶ್' ವ್ಯವಸ್ಥೆಯಲ್ಲಿ ರಕ್ಷಣಾ ಪಿಂಚಣಿದಾರರು ತಮ್ಮ ವಿವರಗಳನ್ನು ತಾವೇ ನೋಡಬಹುದು, ದೂರು ದಾಖಲಿಸಬಹುದು. ಮೇಲ್ಮನವಿಗಳಲ್ಲಿಯೂ ನ್ಯಾಯ ಸಿಗದಿದ್ದರೆ ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ. 2023ರ ಸೆಪ್ಟೆಂಬರ್ 21ರ ಅನಂತರ ಸೇವೆಯಿಂದ ಹೊರಬಂದವರಿಗೆ ಹೊಸ ನಿಯಮಗಳಿವೆ. ಅವರು ಅವುಗಳನ್ನೇ ನೋಡಬೇಕು.

ಆದರೆ ಯಾವ ವ್ಯವಸ್ಥೆ ಬಂದರೂ ಮುಪ್ಪಿನವರಿಗೆ, ಕಿವಿ ಕೇಳದವರಿಗೆ ಜೊತೆಯಲ್ಲೊಬ್ಬರು ಬೇಕು. ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಓಣಿಯಲ್ಲಿ ಮಾಜಿ ಸೈನಿಕರಿದ್ದರೆ ಒಂದು ಸಂಜೆ ಅವರ ಮನೆಗೆ ಹೋಗಿರಿ. ಬಿಡುಗಡೆಯ ಪುಸ್ತಕ, ವೈದ್ಯಕೀಯ ಮಂಡಳಿಯ ಪ್ರತಿ, ಪಿಂಚಣಿ ಆದೇಶ ಇವೆಯೇ ಎಂದು ನೋಡಿರಿ. ಎಲ್ಲಕ್ಕಿಂತ ಮೊದಲು, ದಾಖಲೆಯಲ್ಲಿರುವ ವಿಳಾಸ ಅವರು ಈಗ ವಾಸವಾಗಿರುವ ಮನೆಯದೇ ಎಂದು ಕೇಳಿರಿ.