ಎರಡು ನಡೆ ಹಿಂದೆ

ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ತಳ್ಳಿ ಆಟ ಶುರುಮಾಡಿದರೆ ಎಳೆಯ ಆಟಗಾರರಿಗೆ ಆಕಳಿಕೆ ಬರುತ್ತದೆ. ರಾಜನ ಪದಾತಿ ಜಗಳಕ್ಕೆ, ಮಂತ್ರಿಯದು ಸಂಧಾನಕ್ಕೆ ಎಂಬ ನಂಬಿಕೆ ಅವರದು. ಅಂಥವರ ಎದುರು ನಾನು ಹಲಗೆ ಹರಡಿ 1907ರ ಡಿಸೆಂಬರಿನಲ್ಲಿ ಪೋಲೆಂಡಿನ ವುಚ್ ನಗರದಲ್ಲಿ ನಡೆದ ಆಟವನ್ನು ಜೋಡಿಸುತ್ತೇನೆ. ಬಿಳಿ ಕಾಯಿ ರೋಟ್ಲೆವಿ ಎಂಬ ತರುಣನದು, ಕಪ್ಪು ಅಕಿಬಾ ರೂಬಿನ್‌ಸ್ಟೈನ್‌ರದು.

ಬಿಳಿ ಹದಿನೈದನೆಯ ನಡೆ ಮುಗಿಸಿದಾಗ ಎರಡೂ ಪಾಳೆಯಗಳು ಹೆಚ್ಚುಕಡಿಮೆ ಕನ್ನಡಿಯೊಳಗಿನ ಬಿಂಬಗಳು. ಒಂಟೆ, ಕುದುರೆ, ಮಂತ್ರಿ ಎಲ್ಲ ಎದುರುಬದುರು. ಆದರೆ ಕಪ್ಪಿನ ಒಂದು ಆನೆ ಆಗಲೇ ತೆರೆದ ಸಾಲಿಗೆ ಬಂದಿದೆ. ಮೇಲಾಗಿ ನಡೆಯುವ ಸರದಿಯೂ ಕಪ್ಪಿನದೇ. ಬಿಳಿಯ ಒಂಟೆ ಅಲ್ಲಿಂದಿಲ್ಲಿಗೆ ಓಡಾಡಿ ಹಳೆಯ ಮನೆಗೇ ಮರಳಿತ್ತು, ಮಂತ್ರಿ ಒಂದೇ ಸಲಕ್ಕೆ ತಲುಪಬಹುದಾದ ಮನೆಗೆ ಎರಡು ಸಲ ನಡೆದಿತ್ತು. ಅಷ್ಟೇ. ತಾಳಿದವನು ಬಾಳಿಯಾನು ಎಂದು ಹೇಳಿದವರು ಚದುರಂಗ ಆಡಿರಲಿಕ್ಕಿಲ್ಲ.

ಇಪ್ಪತ್ತೆರಡನೆಯ ನಡೆಯಲ್ಲಿ ರೂಬಿನ್‌ಸ್ಟೈನ್ ಮಂತ್ರಿಯನ್ನು ಹೊಡೆತಕ್ಕೆ ಬಿಟ್ಟು ಆನೆಯಿಂದ ಕುದುರೆಯನ್ನು ಕಡಿದರು. ಮಂತ್ರಿ ಹೋಯಿತು. ಮರುನಡೆಗೆ ಇನ್ನೊಂದು ಆನೆ ನೇರ ಬಿಳಿ ಮಂತ್ರಿಯ ಬಾಯಿಗೆ. ಕೊನೆಯ ನಡೆಯೇ ನನಗೆ ಎಲ್ಲಕ್ಕಿಂತ ಇಷ್ಟ: ಶಹಾ ಇಲ್ಲ, ಹೊಡೆತವಿಲ್ಲ, ಆನೆ ಸುಮ್ಮನೆ ಪಕ್ಕಕ್ಕೆ ಸರಿದು ನಿಂತಿತು. ಬಿಳಿ ಸೋಲೊಪ್ಪಿತು.

2013ರ ಜನವರಿ, ನೆದರ್ಲೆಂಡ್ಸ್‌ನ ವೈಕ್ ಆನ್ ಝೇ ಪಂದ್ಯಾವಳಿ. ಆರೋನಿಯನ್ ಮತ್ತದೇ ಮಂತ್ರಿಯ ಪದಾತಿ ತಳ್ಳಿದರು. ಕಪ್ಪಿನ ಕಡೆ ವಿಶ್ವನಾಥನ್ ಆನಂದ್. ಹದಿನಾರನೆಯ ನಡೆಗೆ ಆನಂದ್ ಕುದುರೆಯೊಂದನ್ನು ನಡುವಿಗೆ ತಂದಾಗ ಅವರ ಎರಡೂ ಕುದುರೆ, ಒಂದು ಒಂಟೆ, ಒಂದು ಆನೆ ನಾಲ್ಕೂ ಹೊಡೆತಕ್ಕೆ ಸಿಕ್ಕಿದ್ದವು. ಯಾವುದನ್ನು ಹೊಡೆದರೂ ಬಿಳಿಗೆ ಸಂಕಟ, ಏಕೆಂದರೆ ಜೋಡಿ ಒಂಟೆಗಳು ವುಚ್‌ನಲ್ಲಿದ್ದಂತೆಯೇ ರಾಜನತ್ತ ಮುಖ ಮಾಡಿದ್ದವು. ಇಪ್ಪತ್ಮೂರು ನಡೆಗೆ ಆಟ ಮುಗಿಯಿತು. ಬಳಿಕ ಆನಂದ್ ರೂಬಿನ್‌ಸ್ಟೈನ್‌ರ ಆ ಆಟವನ್ನು ನೆನೆದರು.

ಸಾಲ ಒಪ್ಪಿಕೊಂಡ ಈ ಆಟವೇ ನನ್ನ ಕಣ್ಣಿಗೆ ದೊಡ್ಡದು. ರೋಟ್ಲೆವಿಯಂತೆ ಆರೋನಿಯನ್ ನಡೆ ಪೋಲು ಮಾಡಿ ಕುಳಿತವರಲ್ಲ, ಕುದುರೆ ನುಗ್ಗಿಸಿ ತಾವೇ ಜಗಳ ತೆಗೆದವರು. ಹಾಗೆಂದು ರೋಟ್ಲೆವಿಯನ್ನು ಹಗುರವಾಗಿ ಕಾಣಬೇಕಿಲ್ಲ. 1911ರ ಕಾರ್ಲ್ಸ್‌ಬಾಡ್ ಪಂದ್ಯಾವಳಿಯಲ್ಲಿ ಆತ ಘಟಾನುಘಟಿಗಳ ನಡುವೆ ನಾಲ್ಕನೆಯವನಾಗಿ ಬಂದ. ಅಲ್ಲಿ ಗೆದ್ದ ಆಟಗಳನ್ನು ಯಾರೂ ಹಲಗೆಯ ಮೇಲೆ ಜೋಡಿಸುವುದಿಲ್ಲ, ನಾನೂ ಜೋಡಿಸಿದ್ದಿಲ್ಲ.